ಉರಿಯೂತ ಇಳಿಸುವವರ ಸಂತೆ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಬೆಂಗಳೂರಿನ ಗರುಡಾಚಾರ್‌ಪಾಳ್ಯದ ನಮ್ಮ ಬೀದಿಯ ಅಪಾರ್ಟ್‌ಮೆಂಟೊಂದರ ಗೇಟಿನ ಪಕ್ಕ ಶಾಮಿಯಾನ ಹಾಕಿ ಆರೋಗ್ಯ ತಪಾಸಣೆ ಶಿಬಿರ ಮಾಡಿದರು. ಎರಡು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಐಸ್ ಡಬ್ಬಿ, ರಕ್ತ ತೆಗೆಯುವ ಇಬ್ಬರು ಹುಡುಗಿಯರು. ಸಂಜೆಯೊಳಗೆ ಎಲ್ಲರ ಫೋನಿಗೂ ವರದಿ ಬಂತು. ರಾತ್ರಿ ಎಂಟಕ್ಕೆ ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಬಂದು ಬಾಗಿಲು ತಟ್ಟಿದರು. ಫೋನು ಮುಂದೆ ಹಿಡಿದ ಅವರ ಕೈ ನಡುಗುತ್ತಿತ್ತು. ಎಚ್‌ಎಸ್-ಸಿಆರ್‌ಪಿ 4.2 ಎಂದು ಕೆಂಪು ಅಂಕಿಯಲ್ಲಿತ್ತು. ಅದರ ಕೆಳಗೆ, ನಿಮ್ಮ ದೇಹದಲ್ಲಿ ದೀರ್ಘಕಾಲದ ಉರಿಯೂತವಿದೆ ಎಂಬ ಸಾಲು. ಅದರ ಕೆಳಗೆ ಸಲಹೆ: ಗೋಧಿ ಬಿಡಿ, ಹಾಲು ಬಿಡಿ, ಅರಿಶಿನ ಸತ್ವದ ಕ್ಯಾಪ್ಸೂಲನ್ನು ತೊಂಬತ್ತು ದಿನ ತೆಗೆದುಕೊಳ್ಳಿ. "ಒಳಗೊಳಗೇ ಬೆಂಕಿ ಹತ್ತಿಕೊಂಡಿದೆಯಂತೆ, ಏನು ಮಾಡಲಿ?" ಎಂದರು.

ಅವರಿಗೆ ಆ ವಾರವಷ್ಟೇ ನೆಗಡಿ ಕೆಮ್ಮು ಬಂದು ಹೋಗಿತ್ತು. ಶಿಬಿರದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಕೇಳಬೇಕಿತ್ತು. ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, ಎಂಬ ಈ ವಸ್ತುವನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ಗುರುತಿಸಿದ್ದೇ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ದೇಹದ ಯಾವ ಮೂಲೆಯಲ್ಲಿ ಸೋಂಕೋ ಗಾಯವೋ ಆದರೂ ಅಲ್ಲಿನ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಕಳಿಸುತ್ತವೆ, ಯಕೃತ್ತು ಅದನ್ನು ಓದಿ ಸಿಆರ್‌ಪಿಯನ್ನು ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 19 ಗಂಟೆ. ಕಾರಣ ತೊಲಗಿದರೆ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಅದಕ್ಕೇ 2003ರಲ್ಲಿ ಅಮೆರಿಕದ ಹೃದ್ರೋಗ ಸಂಘ ಮತ್ತು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸೇರಿ ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3 ಸಾಧಾರಣ, 3 ದಾಟಿದರೆ ಹೆಚ್ಚು ಎಂದು ಗೆರೆ ಹಾಕಿದಾಗ, ಎರಡು ವಾರದ ಅಂತರದಲ್ಲಿ ಎರಡು ಸಲ ಅಳೆದು ನೋಡಿ, 10 ದಾಟಿದರೆ ಆ ಲೆಕ್ಕ ಬಿಟ್ಟು ಮೊದಲು ಸೋಂಕು ಹುಡುಕಿ ಎಂದೂ ಹೇಳಿದ್ದವು. ಆ ಗೆರೆ ಎಲ್ಲರ ವರದಿಯಲ್ಲೂ ಅಚ್ಚಾಗುತ್ತದೆ. ಜೊತೆಯ ಮಾತು ಅಚ್ಚಾಗುವುದಿಲ್ಲ.

ಮೂರು ವಾರ ಬಿಟ್ಟು ಶಿಕ್ಷಕಿಯವರು ಮತ್ತೆ ರಕ್ತ ಕೊಟ್ಟರು. 0.9 ಬಂತು. ಅಷ್ಟರಲ್ಲಿ ಮೂರು ಸಾವಿರ ಚಿಲ್ಲರೆಯ ಡಬ್ಬಿ ಮನೆಗೆ ಬಂದಿತ್ತು. ಅದರ ಫಲವೇ ಇದು ಎಂದು ಅವರು ಇಂದಿಗೂ ನಂಬಿದ್ದಾರೆ, ತಂಗಿಗೂ ತರಿಸಿಕೊಟ್ಟಿದ್ದಾರೆ. ನೆಗಡಿ ಹೋಗಿ ಇಳಿದ ಅಂಕಿಯ ಪುಣ್ಯ ಕ್ಯಾಪ್ಸೂಲಿಗೆ ಸಂದಾಯವಾಯಿತು. ಈ ವ್ಯಾಪಾರ ನಿಂತಿರುವುದೇ ಇದರ ಮೇಲೆ.

ಈ ಲೇಖನ ಅವರ ಮೇಲಿನ ದೂರಲ್ಲ. ಅವರ ಕೈ ನಡುಗಿಸಿದ ನಂಬಿಕೆಯ ಮೇಲಿನದು. ಆ ನಂಬಿಕೆ ಈಗ ಎಲ್ಲ ಕಡೆ ಇದೆ. ವಾಟ್ಸಾಪಿನಲ್ಲಿ, ಜಿಮ್ಮಿನ ಗೋಡೆಯ ಮೇಲೆ, ಟಿವಿಯ ಬೆಳಗಿನ ಕಾರ್ಯಕ್ರಮದಲ್ಲಿ ಒಂದೇ ಪಾಠ: ಸಕ್ಕರೆ ಕಾಯಿಲೆ, ಹೃದಯಾಘಾತ, ಮಂಡಿನೋವು, ಮರೆವು, ಕ್ಯಾನ್ಸರ್ ಎಲ್ಲಕ್ಕೂ ಮೂಲ ಉರಿಯೂತ, ಉರಿಯೂತವೆಂಬುದು ಶತ್ರು, ಅದು ನಿಮ್ಮ ತಪ್ಪು ಊಟದಿಂದ ಬಂದದ್ದು, ಇಂತಿಂಥದ್ದನ್ನು ತಿಂದು ಇಂತಿಂಥದ್ದನ್ನು ಬಿಟ್ಟರೆ ಇಳಿಯುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ. ದೀರ್ಘಕಾಲದ ಉರಿಯೂತ ರಕ್ತನಾಳದ ಗೋಡೆಯನ್ನು ಕೆಡಿಸುತ್ತದೆ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ, ಕೀಲನ್ನು ತಿನ್ನುತ್ತದೆ ಎಂಬುದು ನಿಜವೇ. ಆದರೆ ಅದು ತಾನೇ ಒಂದು ಕಾಯಿಲೆಯಲ್ಲ. ಯಾವುದೋ ಒಂದು ಕೆಲಸ ಮುಗಿಯದೆ ನಿಂತಿದೆ ಎಂಬುದರ ಗುರುತು. ಯಾವ ಕೆಲಸ, ಯಾಕೆ ಮುಗಿದಿಲ್ಲ ಎಂದು ಕೇಳದೆ ಉರಿಯೂತವನ್ನೇ ಇಳಿಸಲು ಹೊರಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಪದದಿಂದಲೇ ಶುರುಮಾಡೋಣ. ಉರಿ ಮತ್ತು ಊತ ಸೇರಿ ಉರಿಯೂತ. ಒಳ್ಳೆಯ ಪದ, ಕಣ್ಣಿಗೆ ಕಂಡದ್ದನ್ನು ಹೇಳುತ್ತದೆ. ಈಳಿಗೆ ಮಣೆಯಲ್ಲಿ ನುಗ್ಗೆಕಾಯಿ ಹೆಚ್ಚುವಾಗ ನನ್ನ ಹೆಬ್ಬೆರಳು ಕೊಯ್ದಿತ್ತು. ರಕ್ತ ನಿಂತು ಒಂದು ಗಂಟೆಯೊಳಗೆ ಗಾಯದ ಅಂಚು ಕೆಂಪಗಾಯಿತು, ಸಂಜೆಗೆ ಬೆರಳು ಬಿಸಿಯಾಗಿ ದಪ್ಪಗಾಯಿತು, ರಾತ್ರಿ ಮಲಗಿದರೆ ಎದೆಬಡಿತ ಅಲ್ಲೇ ಕೇಳಿಸುತ್ತಿತ್ತು. ಕೆಂಪು, ಬಿಸಿ, ಊತ, ನೋವು: ರೋಮಿನ ಸೆಲ್ಸಸ್ ಎರಡು ಸಾವಿರ ವರ್ಷದ ಹಿಂದೆ ಬರೆದಿಟ್ಟದ್ದು ಇದೇ ನಾಲ್ಕು ಲಕ್ಷಣ. ಸೂಕ್ಷ್ಮ ರಕ್ತನಾಳಗಳು ಹಿಗ್ಗಿ ಸೋರುತ್ತವೆ, ಬಿಳಿ ರಕ್ತಕಣಗಳು ಗೋಡೆ ದಾಟಿ ಗಾಯಕ್ಕೆ ಇಳಿಯುತ್ತವೆ, ಕ್ರಿಮಿಯನ್ನೂ ಸತ್ತ ಅಂಗಾಂಶವನ್ನೂ ನುಂಗುತ್ತವೆ. ನಾಲ್ಕನೆಯ ದಿನ ಬೆರಳು ಇಳಿಯಿತು, ಎಂಟನೆಯ ದಿನ ಹೊಸ ಚರ್ಮ ಬಂತು. ಇಳಿದದ್ದೂ ತಾನಾಗಿ ಆರಿದ್ದಲ್ಲ. ಉರಿಯೂತ ಎಬ್ಬಿಸಲು ದೇಹ ಹೇಗೆ ರಾಸಾಯನಿಕಗಳನ್ನು ತಯಾರಿಸುತ್ತದೆಯೋ, ಅದನ್ನು ಮುಗಿಸಲೂ ಹಾಗೆಯೇ ಬೇರೆ ರಾಸಾಯನಿಕಗಳನ್ನು ತಯಾರಿಸುತ್ತದೆ. ಚಾರ್ಲ್ಸ್ ಸೆರ್ಹಾನ್ ಎಂಬ ವಿಜ್ಞಾನಿ ಅವುಗಳಲ್ಲಿ ಒಂದು ಗುಂಪಿಗೆ ರಿಸಾಲ್ವಿನ್ ಎಂದು ಹೆಸರಿಟ್ಟರು. ಕೆಲಸಕ್ಕೆ ಆಳು ಕರೆಯುವುದೂ ದೇಹವೇ, ಕೂಲಿ ಕೊಟ್ಟು ಮನೆಗೆ ಕಳಿಸುವುದೂ ದೇಹವೇ.

1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿ, ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. ಉರಿಯೂತ ಹಾನಿಯಲ್ಲ, ಕಾವಲು ಎಂದು ಅವರು ವಾದಿಸಿದರು. 1908ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಸುಶ್ರುತ ಇನ್ನೂ ಮುಂಚೆ ವ್ರಣಶೋಥವನ್ನು ಆಮ, ಪಚ್ಯಮಾನ, ಪಕ್ವ ಎಂದು ಮೂರು ಹಂತ ಮಾಡಿ, ಹಂತ ತಿಳಿಯದೆ ಕೈ ಹಾಕುವ ವೈದ್ಯನನ್ನು ಖಂಡಿಸಿದ್ದ. ಎಳೆಯ ಬಾವನ್ನು ಕೊಯ್ದವನೂ ತಪ್ಪಿತಸ್ಥ, ಮಾಗಿದ ಬಾವನ್ನು ಬಿಟ್ಟವನೂ ತಪ್ಪಿತಸ್ಥ. ಪರಂಪರೆಯ ಹೆಸರಿನಲ್ಲಿ ಉರಿಯೂತ ಇಳಿಸುವ ಪುಡಿ ಮಾರುವವರು ಸುಶ್ರುತನ ಈ ಎಚ್ಚರಿಕೆಯನ್ನು ಓದಿದಂತಿಲ್ಲ.

ಇನ್ನು ದೀರ್ಘಕಾಲದ ಉರಿಯೂತ. ಅಲ್ಲಿ ಹಲವು ಸಲ ಉರಿಯೂ ಇಲ್ಲ, ಊತವೂ ಇಲ್ಲ. ಬೂದಿ ಮುಚ್ಚಿದ ಕೆಂಡ. ಮುಳ್ಳು ಒಳಗೇ ಉಳಿದರೆ ಕಾವಲಿಗೆ ಬಂದ ಕೋಶಗಳು ವಾಪಸು ಹೋಗುವುದಿಲ್ಲ. ಸಿಗರೇಟಿನ ಹೊಗೆ ದಿನಕ್ಕೆ ಹತ್ತು ಸಲ ಹೊಸ ಮುಳ್ಳು ಚುಚ್ಚುತ್ತದೆ. ಒಸಡಿನ ಸಂದಿಯಲ್ಲಿ ಕೂತ ಕ್ರಿಮಿ ವರ್ಷಗಟ್ಟಲೆ ಕದಲುವುದಿಲ್ಲ. ಹೊಟ್ಟೆಯೊಳಗಿನ ಕೊಬ್ಬು ಹಿಗ್ಗಿ ಅದರ ಕೋಶಗಳು ಉಸಿರುಗಟ್ಟಿದಂತಾದಾಗ, ಅಲ್ಲಿಗೂ ಮ್ಯಾಕ್ರೊಫೇಜ್ ಎಂಬ ನುಂಗುಕೋಶಗಳು ಬಂದು ನೆಲೆಸುತ್ತವೆ. ಕೆಲವರಲ್ಲಿ ದೇಹ ತನ್ನದೇ ಕೀಲನ್ನು, ತನ್ನದೇ ಕರುಳನ್ನು ಪರಕೀಯವೆಂದು ಭಾವಿಸಿ ದಾಳಿ ಮಾಡುತ್ತದೆ. ಇವೆಲ್ಲ ಒಂದೇ ಅಂಕಿಯನ್ನು ಏರಿಸಬಹುದು. ಆದರೆ ಮದ್ದು ಒಂದೇ ಅಲ್ಲ. ಒಂದಕ್ಕೆ ಸಿಗರೇಟು ಬಿಡಬೇಕು, ಇನ್ನೊಂದಕ್ಕೆ ದಂತವೈದ್ಯರು ಬೇಕು, ಮತ್ತೊಂದಕ್ಕೆ ಮೆಥೊಟ್ರೆಕ್ಸೇಟ್ ಎಂಬ ಕೀಲುವಾತದ ಮದ್ದು ಬೇಕು. ಇಷ್ಟೂ ಜನರಿಗೆ ಒಂದೇ ಡಬ್ಬಿ ಕೊಡುವವರು ಹುತ್ತ ಬಡಿಯುತ್ತಿದ್ದಾರೆ.

ಸಿಆರ್‌ಪಿ ತಾನೇ ಹಾನಿ ಮಾಡುವ ವಸ್ತುವೇ ಎಂದೂ ವಿಜ್ಞಾನಿಗಳು ಕೇಳಿದರು. ಹುಟ್ಟಿನಿಂದಲೇ, ಜೀನಿನ ಕಾರಣಕ್ಕೆ, ಸಿಆರ್‌ಪಿ ತುಸು ಹೆಚ್ಚಿರುವ ಜನರಿದ್ದಾರೆ. ಅದು ವಿಷವಾಗಿದ್ದರೆ ಇವರಿಗೆ ಹೃದ್ರೋಗ ಹೆಚ್ಚಾಗಬೇಕಿತ್ತು. ಲಕ್ಷಕ್ಕೂ ಮೀರಿದ ಜನರ ಮಾಹಿತಿ ಕೂಡಿಹಾಕಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಗೆ ಆಗಿರಲಿಲ್ಲ. ಸಿಆರ್‌ಪಿ ಸುದ್ದಿ ತರುವ ಅಂಚೆಯವನು. ಅಂಚೆಯವನನ್ನು ತಡೆದರೆ ಪತ್ರದಲ್ಲಿರುವ ಸುದ್ದಿ ಬದಲಾಗದು.

ಉರಿಯೂತವನ್ನು ಶತ್ರುವೆಂದು ಸಾರುವವರು ನಮ್ಮ ದೇಶದಲ್ಲಿ ನಿಂತು ಈ ಮಾತಾಡುತ್ತಿದ್ದಾರೆ ಎಂಬುದು ನನಗೆ ಅತ್ಯಂತ ಕಳವಳದ ಸಂಗತಿ. ಭಾರತದಲ್ಲಿ ಕೋಟ್ಯಂತರ ಜನರ ಎದೆಯೊಳಗೆ ಕ್ಷಯದ ಕ್ರಿಮಿ ಸೆರೆಯಲ್ಲಿದೆ. ಅದನ್ನು ಸುತ್ತುಗಟ್ಟಿ ಹಿಡಿದಿರುವುದು ಗ್ರ್ಯಾನ್ಯುಲೋಮ ಎಂಬ ಗಂಟು, ಅಂದರೆ ಅಪ್ಪಟ ದೀರ್ಘಕಾಲದ ಉರಿಯೂತ. ಕೀಲುವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಪ್ರಬಲ ಔಷಧಿ ಉರಿಯೂತದ ಒಂದು ಮುಖ್ಯ ಸಂದೇಶವನ್ನು ತಡೆಯುತ್ತದೆ. 2001ರಲ್ಲಿ ಅದನ್ನು ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡ ವರದಿ ಬಂತು. ಕಾವಲು ಸಡಿಲವಾಯಿತು, ಸೆರೆಯಾಳು ಹೊರಬಂದ. ಅಂದಿನಿಂದ ಇಂಥ ಔಷಧಿ ಕೊಡುವ ಮುನ್ನ ಕ್ಷಯದ ಪರೀಕ್ಷೆ ಕಡ್ಡಾಯ.

ಅಷ್ಟು ದೂರ ಹೋಗುವುದೂ ಬೇಡ. ಶಿವಾಜಿನಗರಕ್ಕೆ ಬನ್ನಿ. 2021ರ ಮೇ ತಿಂಗಳಲ್ಲಿ ಬೌರಿಂಗ್ ಆಸ್ಪತ್ರೆಯನ್ನು ಕಪ್ಪು ಶಿಲೀಂಧ್ರದ ಚಿಕಿತ್ಸೆಗೆಂದು ಗೊತ್ತುಮಾಡಿದರು. ಆಂಫೊಟೆರಿಸಿನ್-ಬಿ ಚುಚ್ಚುಮದ್ದಿಗಾಗಿ ಮನೆಯವರು ಅಂಗಡಿಯಿಂದ ಅಂಗಡಿಗೆ ಅಲೆದ ದಿನಗಳವು. ಮೂಗು, ದವಡೆ, ಕಣ್ಣುಗುಡ್ಡೆ ಕಳೆದುಕೊಂಡ ಜನ ಅಲ್ಲಿಂದ ಹೊರಬಂದರು. ಅದರ ಹಿಂದಿನ ಕಥೆ ಎಲ್ಲರಿಗೂ ಗೊತ್ತಿರಬೇಕು. 2020ರ ಜೂನಿನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಮೂರನೇ ಒಂದರಷ್ಟು ತಗ್ಗಿಸುತ್ತದೆಂದು ತೋರಿಸಿತ್ತು. ಅಲ್ಲಿ ಉರಿಯೂತ ಮಿತಿಮೀರಿತ್ತು, ತಗ್ಗಿಸಿದ್ದು ಸರಿ. ಆಮ್ಲಜನಕವೇ ಬೇಡವಾಗಿದ್ದವರಿಗೆ ಅದರಿಂದ ಲಾಭವಿಲ್ಲ ಎಂದೂ ಅದೇ ಪ್ರಯೋಗ ಹೇಳಿತ್ತು. ನಮ್ಮಲ್ಲಿ ಏನಾಯಿತು? ಜ್ವರ ಬಂದ ಎರಡನೇ ದಿನಕ್ಕೇ ಸ್ಟೀರಾಯ್ಡ್ ಮಾತ್ರೆ ಮನೆಮನೆಗೆ ಬಂತು. ಚೀಟಿ ಫೋನಿನಿಂದ ಫೋನಿಗೆ ಹರಿದಾಡಿತು. ಸಿಆರ್‌ಪಿ ಏರಿದೆ, ಇಳಿಸಬೇಕು ಎಂಬುದೇ ಅಂದೂ ಜಪ. ಸಕ್ಕರೆ ಕಾಯಿಲೆಯ ದೇಹ, ಅದರ ಮೇಲೆ ಸಕ್ಕರೆ ಏರಿಸುವ ಸ್ಟೀರಾಯ್ಡ್, ಅದರ ಮೇಲೆ ಕಾವಲಿಲ್ಲದ ಮೂಗು. ಗಾಳಿಯಲ್ಲಿ ಸದಾ ಇರುವ ಶಿಲೀಂಧ್ರ ಒಳಗೆ ಬೇರುಬಿಟ್ಟಿತು. ಉರಿಯೂತ ಇಳಿಸುವುದನ್ನೇ ಗುರಿ ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಈ ನಗರ ಕಣ್ಣು ತೆತ್ತು ಸಾಕ್ಷಿಯಾಗಿದೆ. ನಾಲ್ಕೇ ವರ್ಷದಲ್ಲಿ ನಾವು ಅದನ್ನು ಮರೆತೆವು.

ಉರಿಯೂತವನ್ನೇ ನೇರವಾಗಿ ತಡೆದರೆ ಹೃದಯ ಉಳಿಯುತ್ತದೆಯೇ ಎಂದು ದೊಡ್ಡ ಪ್ರಯೋಗವೂ ನಡೆದಿದೆ. ಒಮ್ಮೆ ಹೃದಯಾಘಾತವಾಗಿ ಸಿಆರ್‌ಪಿ 2ರ ಮೇಲಿದ್ದ 10,061 ಜನರ ಮೇಲೆ ನಡೆದ ಕ್ಯಾಂಟೋಸ್ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಕ್ಯಾನಕಿನುಮ್ಯಾಬ್ ಎಂಬ ಚುಚ್ಚುಮದ್ದು ಮತ್ತೆ ಆಘಾತವಾಗುವುದನ್ನು ಸುಮಾರು 15 ಪ್ರತಿಶತ ತಗ್ಗಿಸಿತು. ಉರಿಯೂತ ನಿಜಕ್ಕೂ ಹೃದ್ರೋಗದಲ್ಲಿ ಪಾಲುದಾರ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ, ನಾನು ಒಪ್ಪುತ್ತೇನೆ. ಆದರೆ ಅದೇ ಚುಚ್ಚುಮದ್ದು ಪಡೆದವರಲ್ಲಿ ಸೋಂಕಿನಿಂದ ಸತ್ತವರು ಹೆಚ್ಚಾದರು, ಒಟ್ಟು ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೆಥೊಟ್ರೆಕ್ಸೇಟ್ ಕೊಟ್ಟು ನಡೆಸಿದ ಇನ್ನೊಂದು ಪ್ರಯೋಗದಲ್ಲಿ ಹೃದಯಕ್ಕೆ ಏನೂ ಲಾಭವಾಗಲಿಲ್ಲ. ಯಾವ ದಾರಿಯ ಉರಿಯೂತ, ಯಾರ ದೇಹದಲ್ಲಿ, ಎಷ್ಟು ತಗ್ಗಿಸಬೇಕು ಎಂಬುದು ಇಷ್ಟು ನಾಜೂಕಿನ ಪ್ರಶ್ನೆ.

ಈಗ ಅರಿಶಿನ. ಇದನ್ನು ಮುಟ್ಟಿದರೆ ಜನ ಸಿಟ್ಟಾಗುತ್ತಾರೆ, ಅದು ನಮ್ಮ ಅಡುಗೆಮನೆಯದು, ಅಜ್ಜಿಯದು. ನನಗೂ ಹೌದು. ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಹಳೆಯ ತಿಳಿವಳಿಕೆ ಎಂದು ಸಿಎಸ್‌ಐಆರ್ ವಾದಿಸಿದ್ದರಿಂದಲೇ 1995ರಲ್ಲಿ ಅಮೆರಿಕ ಅದಕ್ಕೆ ಕೊಟ್ಟಿದ್ದ ಪೇಟೆಂಟು 1997ರಲ್ಲಿ ರದ್ದಾಯಿತು. ಆದರೆ ಅಜ್ಜಿ ಕೊಟ್ಟದ್ದು ಸಾರಿಗೆ ಒಂದು ಚಿಟಿಕೆ, ಗಾಯಕ್ಕೆ ಒಂದಿಷ್ಟು ಲೇಪ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. ಅದನ್ನು ಹಿಂಡಿ ತೆಗೆದು, ಮೆಣಸಿನ ಪೈಪರಿನ್ ಬೆರೆಸಿ, ದಿನಾ ಖಾಲಿ ಹೊಟ್ಟೆಗೆ ನುಂಗುವುದನ್ನು ಯಾವ ಅಜ್ಜಿಯೂ ಹೇಳಿಕೊಡಲಿಲ್ಲ.

ಡಬ್ಬಿಗಳ ಮೇಲೆ ಅಚ್ಚಾಗುವ 2000 ಪ್ರತಿಶತದ ಮಾತು ಬಂದದ್ದು ನಮ್ಮ ಊರಿಂದಲೇ. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಪ್ರಕಟವಾದ ಅಧ್ಯಯನವದು. 2 ಗ್ರಾಂ ಕರ್ಕ್ಯುಮಿನ್ ನುಂಗಿದ ಆರೋಗ್ಯವಂತರ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. 20 ಮಿಲಿಗ್ರಾಂ ಪೈಪರಿನ್ ಸೇರಿಸಿದಾಗ ಹೀರಿಕೆ 2000 ಪ್ರತಿಶತ ಏರಿತು. ಆ ಅಧ್ಯಯನದಿಂದ ಮೊದಲು ಕಲಿಯಬೇಕಾದ ಪಾಠ, ಕರ್ಕ್ಯುಮಿನ್ ಒಂದನ್ನೇ ನುಂಗಿದರೆ ಬಹುತೇಕ ರಕ್ತಕ್ಕೆ ಸೇರುವುದೇ ಇಲ್ಲ ಎಂಬುದು. ಕಾಣದಷ್ಟಿದ್ದದ್ದು ಇಪ್ಪತ್ತು ಪಟ್ಟಾದರೂ ಅಲ್ಪವೇ. ರಕ್ತದಲ್ಲಿ ಏರಿತು ಎಂದರೆ ರೋಗ ಇಳಿಯಿತು ಎಂದಲ್ಲ, ಆ ಅಧ್ಯಯನ ಹಾಗೆಂದು ಹೇಳಲೂ ಇಲ್ಲ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು ಕರ್ಕ್ಯುಮಿನ್ ಕುರಿತ ಸಾಹಿತ್ಯವನ್ನೆಲ್ಲ ಜಾಲಾಡಿ, ಅದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಹುಸಿ ಫಲ ತೋರಿಸುವ, ಬೇಗ ಒಡೆದುಹೋಗುವ ವಸ್ತು ಎಂದು ಬರೆಯಿತು. ಇನ್ನೊಂದು ಕಡೆ, ಹೀರಿಕೆ ಏರಿಸಿದ್ದರ ಬೆಲೆಯೂ ಕಾಣತೊಡಗಿದೆ. ಔಷಧಿಯಿಂದ ಯಕೃತ್ತಿಗಾಗುವ ಹಾನಿಯನ್ನು ದಾಖಲಿಸುವ ಅಮೆರಿಕದ ಜಾಲವೊಂದು ಅರಿಶಿನದ ಕ್ಯಾಪ್ಸೂಲಿನಿಂದ ಯಕೃತ್ತು ಕೆಟ್ಟ 10 ಜನರ ವಿವರವನ್ನು 2022ರಲ್ಲಿ ಪ್ರಕಟಿಸಿತು. ಐವರು ಆಸ್ಪತ್ರೆ ಸೇರಿದರು, ಒಬ್ಬರು ಸತ್ತರು. ಹೆಚ್ಚಿನವರಲ್ಲಿ ಒಂದು ನಿರ್ದಿಷ್ಟ ಜೀನ್ ಇತ್ತು. ಅದು ತಮಗಿದೆಯೋ ಇಲ್ಲವೋ ಡಬ್ಬಿ ಕೊಳ್ಳುವವರಿಗೆ ತಿಳಿಯುವ ದಾರಿಯಿಲ್ಲ.

ಆಹಾರ ಮುಖ್ಯವಲ್ಲ ಎನ್ನುತ್ತಿಲ್ಲ. ನಾರಿರುವ ಊಟ, ಸೊಪ್ಪು, ಹುರುಳಿ, ಅವರೆ, ರಾಗಿ ಕರುಳಿಗೆ ಒಳ್ಳೆಯದು, ಅಲ್ಲಿನ ಉಪಕಾರಿ ಜೀವಾಣುಗಳು ಆ ನಾರನ್ನು ಹುದುಗಿಸಿ ಉರಿಯೂತ ತಣಿಸುವ ಆಮ್ಲಗಳನ್ನು ಮಾಡುತ್ತವೆ. ಬಸ್ಸಾರು ಮುದ್ದೆ ಉಣ್ಣುವವರಿಗೆ ದೂರದ ದೇಶದ ಪಥ್ಯದ ಪಟ್ಟಿ ಬೇಕಿಲ್ಲ. ಸೊಂಟದ ಸುತ್ತಳತೆಯಂತೂ ನಮಗೆ ಬಹಳ ಮುಖ್ಯ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ತಮ್ಮದೇ ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಪ್ರತಿಶತ, ಯಾಜ್ಞಿಕ್ ಮೈಯಲ್ಲಿ 21.2. ತೆಳ್ಳಗೆ ಕಾಣುವ ನಮ್ಮವರ ಹೊಟ್ಟೆಯೊಳಗೇ ಕೆಂಡ ಕೂತಿರುತ್ತದೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಒಂದು ಟೇಪು ಸಾಕು, ರಕ್ತ ಕೊಡಬೇಕಿಲ್ಲ.

ನನ್ನ ತಕರಾರು ಎಲ್ಲವನ್ನೂ ತಟ್ಟೆಗೆ ತಂದು ನಿಲ್ಲಿಸುವುದರ ಮೇಲೆ. ನಮ್ಮ ಮನೆಯ ಕಿಟಕಿಯ ಸರಳನ್ನು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ದಿನಾ ಬಟ್ಟೆ ಕಪ್ಪಾಗುತ್ತದೆ. ಕಣ್ಣಿಗೆ ಕಾಣುವ ಆ ಧೂಳು ಮೂಗಿನಲ್ಲೇ ನಿಲ್ಲುತ್ತದೆ. ಕಾಣದ ಕಣ, ಎರಡೂವರೆ ಮೈಕ್ರಾನಿಗಿಂತ ಚಿಕ್ಕದು, ತಲೆಗೂದಲ ದಪ್ಪದ ಇಪ್ಪತ್ತೈದನೇ ಒಂದು ಪಾಲು, ಶ್ವಾಸಕೋಶದ ತುದಿಯ ಗೂಡಿನವರೆಗೆ ಇಳಿಯುತ್ತದೆ. ಅಲ್ಲಿ ಮ್ಯಾಕ್ರೊಫೇಜ್ ಅದನ್ನು ನುಂಗುತ್ತದೆ, ಜೀರ್ಣಿಸಲಾರದು. ಇಂಟರ್‌ಲ್ಯೂಕಿನ್-6 ಬಿಡುತ್ತದೆ, ಯಕೃತ್ತು ಸಿಆರ್‌ಪಿ ಬಿಡುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಏರುತ್ತದೆ. ಮರುದಿನ ಮತ್ತೆ ಅದೇ. ಈ ಕಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೊಗ್ರಾಂ. ನಮ್ಮ ದೇಶದ ಮಿತಿ 40. ಬೆಂಗಳೂರಿನ ಗಾಳಿ ನಮ್ಮ ಮಿತಿಯೊಳಗಿದೆ ಎಂದು ನೆಮ್ಮದಿಯಿಂದಿರುವವರಿಗೆ ಆ ಮಿತಿಯೇ ಎಂಟು ಪಟ್ಟು ಸಡಿಲ ಎಂಬುದು ತಿಳಿದಿರಲಿ.

ಈ ಪ್ರದೇಶದ ಜನಕ್ಕೆ ಧೂಳಿನ ಇತಿಹಾಸ ಹೊಸದಲ್ಲ. ಹತ್ತಿರದ ಗ್ರಾಫೈಟ್ ಇಂಡಿಯಾ ಕಾರ್ಖಾನೆಯ ಕರಿ ಪುಡಿ ಮನೆಯ ನೆಲದ ಮೇಲೆ ಕೂರುತ್ತದೆಂದು ಸುತ್ತಲ ನಿವಾಸಿಗಳು ವರ್ಷಗಟ್ಟಲೆ ದೂರಿದರು, ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು, 2019ರಲ್ಲಿ ಕಾರ್ಖಾನೆ ನಿಂತಿತು. ಜಂಕ್ಷನ್ನಿಗೆ ಇನ್ನೂ ಅದೇ ಹೆಸರಿದೆ. ಅವರು ಮುಳ್ಳನ್ನು ಹುಡುಕಿದರು, ಅದನ್ನು ತೆಗೆಯುವವರೆಗೆ ಬಿಡಲಿಲ್ಲ. ಉರಿಯೂತಕ್ಕೆ ಮಾಡಬೇಕಾದ ಚಿಕಿತ್ಸೆ ಅದೇ ಬಗೆಯದು. ವಾಹನದ ಹೊಗೆಯೆಂಬ ಮುಳ್ಳಿಗೂ ಒಂದು ದಾರಿ ಸಿಕ್ಕಿತು: 2023ರ ಮಾರ್ಚ್ 25ರಂದು ವೈಟ್‌ಫೀಲ್ಡ್‌ನಿಂದ ಕೆ.ಆರ್.ಪುರದವರೆಗೆ ಮೆಟ್ರೊ ಓಡಿತು, ನಮ್ಮ ಗರುಡಾಚಾರ್‌ಪಾಳ್ಯಕ್ಕೂ ನಿಲ್ದಾಣ ಬಂತು. ಗಾಡಿ ಬಿಟ್ಟು ಮೆಟ್ರೊದಲ್ಲಿ ಕೂತ ಒಬ್ಬೊಬ್ಬ ಪ್ರಯಾಣಿಕನೂ ರಸ್ತೆಯಲ್ಲಿ ಒಂದು ಗಾಡಿಯ ಹೊಗೆ ಕಡಿಮೆ ಮಾಡುತ್ತಾನೆ. ಡಬ್ಬಿಯ ಮೇಲೆ ಬರೆಯಬಹುದಾದ ಯಾವ ಮಾತಿಗಿಂತಲೂ ಇದು ಗಟ್ಟಿ.

ಗೇಟಿನ ಬಳಿ ಹನ್ನೆರಡು ಗಂಟೆ ನಿಲ್ಲುವ ನಮ್ಮ ಬೀದಿಯ ಕಾವಲುಗಾರನನ್ನು ನೆನೆಯುತ್ತೇನೆ. ರಾಯಚೂರು ಕಡೆಯವನು. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ನಿದ್ದೆಗೆ ಗೊತ್ತಾದ ಹೊತ್ತಿಲ್ಲ. ಎದುರಿನ ಕಟ್ಟಡ ಒಡೆದಾಗ ಹಸಿರು ಪರದೆ ಕಟ್ಟಿರಲಿಲ್ಲ, ನೀರು ಸಿಂಪಡಿಸಿರಲಿಲ್ಲ, ಎರಡು ತಿಂಗಳು ಆ ಧೂಳನ್ನು ಅವನೇ ಕುಡಿದ. ಎಚ್ಚರವಾಗಿರಲು ಬೀಡಿ. ಒಸಡಿನಲ್ಲಿ ರಕ್ತ. ಶಿಬಿರದ ಶಾಮಿಯಾನಕ್ಕೆ ಕುರ್ಚಿ ಹಾಕಿಕೊಟ್ಟವನು ಅವನೇ, ಅವನ ರಕ್ತ ಯಾರೂ ತೆಗೆಯಲಿಲ್ಲ. ಉರಿಯೂತ ನಿಮ್ಮ ತಪ್ಪು ಆಯ್ಕೆಯ ಫಲ ಎನ್ನುವವರು ಅವನೆದುರು ನಿಂತು ಆ ಮಾತು ಹೇಳಲಿ. ಜಯದೇವ ಹೃದ್ರೋಗ ಸಂಸ್ಥೆ 2017ರಿಂದ ನಲವತ್ತು ದಾಟದವರ ಹೃದಯಾಘಾತದ ಪಟ್ಟಿ ಇಡುತ್ತಿದೆ. ಅಲ್ಲಿ ಎದ್ದು ಕಾಣುವುದು ಧೂಮಪಾನ, ಮತ್ತು ದಿನವಿಡೀ ರಸ್ತೆಯ ಹೊಗೆಯಲ್ಲಿರುವ ಆಟೊ, ಕ್ಯಾಬ್ ಚಾಲಕರು. ಅವರಿಗೆ ಬೇಕಾದದ್ದು ಬೀಡಿ ಬಿಡಲು ನೆರವು, ಪಾಳಿಗೆ ಒಂದು ಕ್ರಮ, ಕಟ್ಟಡ ಒಡೆಯುವವನ ಮೇಲೆ ಪಾಲಿಕೆಯ ದಂಡ, ಕಸಕ್ಕೆ ಬೆಂಕಿ ಇಡದಂತೆ ತಡೆ.

ಒಸಡಿನ ಮಾತು ಬಂತು. ಹಲ್ಲುಜ್ಜುವಾಗ ರಕ್ತ ಬರುವುದನ್ನು ನಮ್ಮ ಜನ ಕಾಯಿಲೆಯೆಂದೇ ಎಣಿಸುವುದಿಲ್ಲ. ಹಲ್ಲಿನ ಸುತ್ತಲ ಹುಣ್ಣನ್ನೆಲ್ಲ ಬಿಡಿಸಿ ಹಾಸಿದರೆ ಹಲವು ಚದರ ಸೆಂಟಿಮೀಟರ್ ಆಗುತ್ತದೆ. ಅಷ್ಟು ದೊಡ್ಡ ಹುಣ್ಣು ಕಾಲ ಮೇಲಿದ್ದರೆ ಯಾರೂ ಸುಮ್ಮನಿರುತ್ತಿರಲಿಲ್ಲ. ಸಕ್ಕರೆ ಕಾಯಿಲೆಯವರ ಒಸಡು ಶುದ್ಧ ಮಾಡಿಸಿದರೆ ಮೂರು ತಿಂಗಳ ಸಕ್ಕರೆಯ ಸರಾಸರಿ ತುಸುವಾದರೂ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಐಸಿಎಂಆರ್ 2023ರಲ್ಲಿ ಕೊಟ್ಟ ಲೆಕ್ಕದಂತೆ ಸಕ್ಕರೆ ಕಾಯಿಲೆಯವರು ದೇಶದಲ್ಲಿ 10.1 ಕೋಟಿ. ಅವರಲ್ಲಿ ಎಷ್ಟು ಜನರ ಬಾಯನ್ನು ಯಾರಾದರೂ ತೆರೆದು ನೋಡಿದ್ದಾರೆ?

ಕೊನೆಗೆ ನಾನು ಈ ವಿಷಯಕ್ಕೆ ಕೈ ಹಾಕಿದ ಕಾರಣ ಹೇಳಬೇಕು. ಹೂಡಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಮೂವತ್ತೊಂಬತ್ತು ವಯಸ್ಸು. ಬೆಳಿಗ್ಗೆ ಎದ್ದರೆ ಒಂದೂವರೆ ಗಂಟೆ ಬೆರಳು ಮಡಚಲು ಆಗುತ್ತಿರಲಿಲ್ಲ, ಬಾಗಿಲ ಚಿಲಕ ತೆಗೆಯಲು ಗಂಡ ಬೇಕು. ವೈದ್ಯರು ರುಮಟಾಯ್ಡ್ ಕೀಲುವಾತ ಎಂದು ಗುರುತಿಸಿ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು, ಮರುದಿನ ಫೋಲಿಕ್ ಆಸಿಡ್. ಎರಡು ತಿಂಗಳಾಗುವಷ್ಟರಲ್ಲಿ ಒಬ್ಬ ಆಹಾರ ಸಲಹೆಗಾರರು ಆಕೆಗೆ ಹೇಳಿದರು: ಇದು ಕ್ಯಾನ್ಸರಿಗೆ ಕೊಡುವ ಮಾತ್ರೆ, ನಿಮಗಿರುವುದು ಬರೀ ಉರಿಯೂತ, ಊಟದಲ್ಲೇ ಇಳಿಸೋಣ. ಕ್ಯಾನ್ಸರಿನಲ್ಲಿ ಕೊಡುವ ಪ್ರಮಾಣವೇ ಬೇರೆ, ಕೀಲಿಗೆ ಕೊಡುವುದು ಅದರ ಒಂದು ಚೂರು, ಅದನ್ನು ಅವರು ಹೇಳಲಿಲ್ಲ. ಆಕೆ ಮಾತ್ರೆ ಬಿಟ್ಟಳು. ಟೊಮೆಟೊ ಬಿಟ್ಟಳು, ಬದನೆ ಬಿಟ್ಟಳು, ಅನ್ನ ಬಿಟ್ಟಳು. ಪ್ರತಿ ಬೆಳಿಗ್ಗೆ ಒಂದು ಲೋಟ ಕಷಾಯ, ನಾಲ್ಕು ಕ್ಯಾಪ್ಸೂಲ್. ನೋವು ಹೆಚ್ಚಾದಾಗಲೆಲ್ಲ ಯಾವುದೋ ತಪ್ಪು ತಿಂದಿರಬೇಕೆಂದು ತನ್ನನ್ನೇ ಬೈದುಕೊಂಡಳು. ಎಂಟು ತಿಂಗಳು ಹೀಗೆ ಹೋಯಿತು. ಈ ಕಾಯಿಲೆಯಲ್ಲಿ ಮೊದಲ ತಿಂಗಳುಗಳೇ ಚಿನ್ನದಂಥವು, ಆಗ ಹಿಡಿದರೆ ಕೀಲು ಉಳಿಯುತ್ತದೆ, ಸವೆದ ಮೂಳೆಯನ್ನು ಯಾವ ಮದ್ದೂ ಮತ್ತೆ ಕಟ್ಟಿಕೊಡದು.

ಓದುವವರಲ್ಲಿ ಒಂದು ಕೋರಿಕೆ. ಬೆಳಗಿನ ಹೊತ್ತು ಕೈಕಾಲಿನ ಕೀಲುಗಳು ಒಂದು ಗಂಟೆಗೂ ಮೀರಿ ಬಿಗಿದುಕೊಳ್ಳುವುದು ಆರು ವಾರ ಮುಂದುವರಿದರೆ, ಪುಡಿಯ ಅಂಗಡಿಗೆ ಹೋಗಬೇಡಿ, ಕೀಲುರೋಗ ತಜ್ಞರನ್ನು ಕಾಣಿ. ವರದಿಯಲ್ಲಿ ಸಿಆರ್‌ಪಿ ಕೆಂಪಾಗಿ ಬಂದರೆ ಇಳಿಸುವುದು ಹೇಗೆಂದು ಕೇಳುವ ಮೊದಲು ಏರಿದ್ದು ಯಾಕೆಂದು ಕೇಳಿ. ಉತ್ತರ ಕೊಡದೆ ಡಬ್ಬಿ ಕೊಡುವವರ ಬಳಿಯಿಂದ ಎದ್ದು ಬನ್ನಿ.

ಚಿಕ್ಕಮ್ಮನ ಮಗಳು ಈಗ ಮತ್ತೆ ಪ್ರತಿ ಸೋಮವಾರ ಮಾತ್ರೆ ನುಂಗುತ್ತಾಳೆ, ಬಿಗಿತ ಹತ್ತು ನಿಮಿಷಕ್ಕೆ ಇಳಿದಿದೆ, ಚಿಲಕ ತಾನೇ ತೆಗೆಯುತ್ತಾಳೆ. ಎಡಗೈಯ ಎರಡು ಬೆರಳು ಮಾತ್ರ ಇನ್ನು ನೇರವಾಗುವುದಿಲ್ಲ.